ಕುರ್ಚಿ ಹಾಕುವಾಗಲೇ ಮಿಕ್ಸಿಂಗ್ ಶುರು: ಹಳೆಯ ಕಂಟ್ರಿ ಹಾಡುಗಳ ಧ್ವನಿಮುದ್ರಣ

ನೀವು ಮೊದಲೇ ಬರೆದು ಕಳಿಸಿದ ಪ್ರಶ್ನೆಗಳನ್ನೆಲ್ಲ ಓದಿಕೊಂಡು ಬಂದಿದ್ದೇನೆ. ಹೆಚ್ಚಿನವು ಒಂದೇ ಬಗೆಯವು. ಅಮೆರಿಕದ ಹಳೆಯ ಕಂಟ್ರಿ ಗಾಯಕರಾದ ಪ್ಯಾಟ್ಸಿ ಕ್ಲೈನ್ ಹಾಡಿನಂತೆ, ಜಿಮ್ ರೀವ್ಸ್ ಹಾಡಿನಂತೆ ಕೇಳಿಸಬೇಕಾದರೆ ಯಾವ ಪ್ಲಗಿನ್ (ಕಂಪ್ಯೂಟರಿನಲ್ಲಿ ನಾದ ತಿದ್ದುವ ಪುಟ್ಟ ತಂತ್ರಾಂಶ) ಹಾಕಬೇಕು, ಟೇಪಿನ ಪ್ಲಗಿನ್‌ಗಳಲ್ಲಿ ಯಾವುದು ಒಳ್ಳೆಯದು, ತೆಳು ಲೋಹದ ಪಟ್ಟಿಯಿಂದ ಶಬ್ದ ಹಿಡಿಯುವ ರಿಬ್ಬನ್ ಮೈಕಿಗೆ ಅಷ್ಟು ದುಡ್ಡು ಸುರಿಯಬೇಕೇ. ಇವಕ್ಕೆಲ್ಲ ಉತ್ತರ ದಾರಿಯಲ್ಲಿ ಸಿಗುತ್ತದೆ. ಅದಕ್ಕೂ ಮುಂಚೆ ಆ ಹಾಡುಗಳು ಹುಟ್ಟಿದ ಕೋಣೆಗಳೊಳಗೆ ನಿಮ್ಮನ್ನು ಕರೆದುಕೊಂಡು ಹೋಗಬೇಕು. ಆ ನಾದದ ದೊಡ್ಡ ಪಾಲು ಟೇಪು ತಿರುಗುವ ಮೊದಲೇ ತೀರ್ಮಾನವಾಗಿರುತ್ತಿತ್ತು ಎಂಬುದು ನನ್ನ ಗಟ್ಟಿ ನಂಬಿಕೆ. ಎಲ್ಲರೂ ಒಟ್ಟಿಗೆ ನುಡಿಸುವಾಗ ಯಾರು ಎಲ್ಲಿ ಕೂರಬೇಕು, ಯಾರು ಯಾವ ಸಾಲಿನಲ್ಲಿ ಸುಮ್ಮನಿರಬೇಕು, ಹಾಡುವವರ ಬಾಯಿಗೂ ಮೈಕಿಗೂ ಎಷ್ಟು ಅಂತರ, ಇಷ್ಟು ಸರಿಹೋದರೆ ಮಿಕ್ಸಿಂಗ್‌ಗೆ, ಅಂದರೆ ಮುದ್ರಿಸಿದ್ದನ್ನು ಬೆರೆಸಿ ಹದಮಾಡುವುದಕ್ಕೆ, ಉಳಿಯುವ ಕೆಲಸ ಬಹಳ ಕಡಿಮೆ.

ನ್ಯಾಶ್‌ವಿಲ್‌ನಿಂದ ಶುರು ಮಾಡೋಣ. ಟೆನೆಸಿ ರಾಜ್ಯದ ಆ ಊರಿನಲ್ಲಿ 1925ರಿಂದಲೂ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೋ ಕಾರ್ಯಕ್ರಮ ನಡೆಯುತ್ತಿತ್ತು, ಹಾಡುಗಾರರು ಬಂದು ನೆಲೆಸಿದ್ದರು, ಆದರೆ ಹೇಳಿಕೊಳ್ಳುವಂಥ ರೆಕಾರ್ಡಿಂಗ್ ಸ್ಟುಡಿಯೋ ಬಹಳ ಕಾಲ ಇರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಡಬ್ಲ್ಯುಎಸ್‌ಎಂ ರೇಡಿಯೋ ಕೇಂದ್ರದ ಮೂವರು ಎಂಜಿನಿಯರುಗಳು ಸೇರಿ ಟುಲೇನ್ ಎಂಬ ಹೋಟೆಲಿನೊಳಗೆ ಕ್ಯಾಸಲ್ ಸ್ಟುಡಿಯೋ ನಡೆಸಿದರು. ಗಾಯಕ ಹ್ಯಾಂಕ್ ವಿಲಿಯಮ್ಸ್ ಅವರ ‘ಯುವರ್ ಚೀಟಿನ್ ಹಾರ್ಟ್’ 1952ರ ಸೆಪ್ಟೆಂಬರ್ 23ರಂದು ಮುದ್ರಣವಾದದ್ದು ಅಲ್ಲಿ. ಅದು ಅವರ ಕೊನೆಯ ಸೆಷನ್. ಮುಂದಿನ ಹೊಸವರ್ಷದ ದಿನ ತೀರಿಕೊಂಡರು, ವಯಸ್ಸು 29.

ಈಗ ಕೇಳಿಸಿದೆನಲ್ಲ, ಆ ಹಾಡಿನ ಮೊದಲ ಕೆಲವು ಸೆಕೆಂಡು ಮತ್ತೆ ನೆನಪು ಮಾಡಿಕೊಳ್ಳಿ. ಡಾನ್ ಹೆಲ್ಮ್ಸ್ ಅವರ ಸ್ಟೀಲ್ ಗಿಟಾರು (ತಂತಿಯ ಮೇಲೆ ಉಕ್ಕಿನ ಸರಳು ಜಾರಿಸಿ ನುಡಿಸುವ ಗಿಟಾರು) ಎತ್ತರದ ಸ್ಥಾಯಿಯಲ್ಲಿ ಒಬ್ಬಂಟಿಯಾಗಿ ಶುರುವಾಗುತ್ತದೆ. ಹ್ಯಾಂಕ್ ಬಾಯಿ ತೆರೆದ ಕೂಡಲೇ ಹಿಂದೆ ಸರಿಯುತ್ತದೆ. ಹಿಂದೆ ಸರಿದದ್ದು ಮಿಕ್ಸರಿನ ಫೇಡರ್ (ಮಟ್ಟ ಏರಿಳಿಸುವ ಜಾರುಗುಂಡಿ) ಇಳಿಸಿದ್ದರಿಂದ ಎಂದುಕೊಳ್ಳಬೇಡಿ. ಹೆಲ್ಮ್ಸ್ ಕಾಲಡಿಯ ವಾಲ್ಯೂಮ್ ಪೆಡಲಿನಲ್ಲೇ ತಮ್ಮ ಮಟ್ಟ ಇಳಿಸಿಕೊಂಡಿದ್ದಾರೆ. ಧ್ವನಿಗಿಂತ ಮೇಲಿನ ಸ್ಥಾಯಿಯಲ್ಲಿ ನುಡಿಸುವುದರಿಂದ ಎರಡಕ್ಕೂ ಘರ್ಷಣೆಯಿಲ್ಲ. ಮುದ್ರಣವೆಲ್ಲ ಒಂದೇ ಚಾನೆಲ್ಲಿಗೆ. ಆಮೇಲೆ ಬಿಡಿಸಿ ಸರಿಮಾಡುವ ಮಾತೇ ಇಲ್ಲ. ಸ್ಟೀಲು ಜಾಸ್ತಿಯಾದರೆ ನುಡಿಸುವವರು ಕಾಲು ಸಡಿಲಿಸಬೇಕು, ಫಿಡಲು ಚುಚ್ಚಿದರೆ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಬೇರೆಬೇರೆ ಆವರ್ತನಗಳನ್ನು ಏರಿಳಿಸುವ ಈಕ್ವಲೈಸರ್ ಮಾಡುವ ಕೆಲಸವನ್ನು ಸ್ಥಾಯಿ ಮಾಡಿತು, ಜೋರಾದದ್ದನ್ನು ತಾನೇ ತಗ್ಗಿಸುವ ಕಂಪ್ರೆಸರ್ ಮಾಡುವ ಕೆಲಸವನ್ನು ಕಾಲು ಮಾಡಿತು.

ಆ ಹೊತ್ತಿಗೆ ಡೆಕ್ಕಾ ರೆಕಾರ್ಡ್ ಕಂಪನಿಗಾಗಿ ದುಡಿಯುತ್ತಿದ್ದ ನಿರ್ಮಾಪಕ ಓವೆನ್ ಬ್ರ್ಯಾಡ್ಲಿ ಮತ್ತು ಅವರ ತಮ್ಮ, ಗಿಟಾರುವಾದಕ ಹೆರಾಲ್ಡ್ ಬ್ರ್ಯಾಡ್ಲಿ, ಇಬ್ಬರೂ ಸೇರಿ 16ನೇ ಅವೆನ್ಯೂ ದಕ್ಷಿಣದಲ್ಲಿ ಒಂದು ಹಳೆಯ ಮನೆ ಕೊಂಡರು. ಮುಂದೆ ‘ಮ್ಯೂಸಿಕ್ ರೋ’ ಎಂದು ಹೆಸರಾದ ಬೀದಿಗೆ ಅಡಿಪಾಯ ಬಿದ್ದದ್ದು ಆ ಮನೆಯಿಂದ. ಮನೆಯ ಹಿಂದೆ ಸೇನೆಯವರು ಬಳಸುವಂಥ ಕ್ವಾನ್ಸೆಟ್ ಹಟ್ ಎಬ್ಬಿಸಿದರು. ಕ್ವಾನ್ಸೆಟ್ ಹಟ್ ಎಂದರೆ ಕೊಳವೆಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂಥ ಆಕಾರದ ತಗಡಿನ ಶೆಡ್ಡು. ಬಾಗಿದ ತಗಡು ಶಬ್ದವನ್ನು ಒಂದೆಡೆಗೆ ಕೂಡಿಹಾಕಿ ಕಿವಿಗೆ ಹಿಂಸೆ ಮಾಡುತ್ತದೆ, ಗೊತ್ತಲ್ಲ. ಒಳಗೆ ಬಟ್ಟೆ, ಮರ ಎಂದು ಒಂದೊಂದಾಗಿ ಸೇರಿಸುತ್ತ, ಕೇಳುತ್ತ, ತಿದ್ದುತ್ತ ಅದನ್ನು ಪಳಗಿಸಿದರು. 1962ರಲ್ಲಿ ಕೊಲಂಬಿಯಾ ಕಂಪನಿ ಇಡೀ ಜಾಗ ಕೊಂಡಾಗ ಅದರ ಸುತ್ತ ಹೊಸ ಕಟ್ಟಡ ಕಟ್ಟಿದರೇ ಹೊರತು ಆ ಶೆಡ್ಡನ್ನು ಕೆಡವಲಿಲ್ಲ. ಕೋಣೆಯ ಬೆಲೆ ಗೊತ್ತಿದ್ದವರ ಕೆಲಸ ಅದು.

ಪ್ಯಾಟ್ಸಿ ಕ್ಲೈನ್ ಅವರ ‘ಕ್ರೇಜಿ’ ಈ ಶೆಡ್ಡಿನ ಹಾಡು. ಬರೆದವರು ಆಗಿನ್ನೂ ಹೆಸರಾಗದ ವಿಲ್ಲಿ ನೆಲ್ಸನ್. 1961ರ ಜೂನ್‌ನಲ್ಲಿ ಪ್ಯಾಟ್ಸಿ ಕಾರು ಅಪಘಾತದಲ್ಲಿ ಸಿಕ್ಕಿ ಬದುಕುಳಿದಿದ್ದರು. ಆಗಸ್ಟ್ 21ರಂದು ಸ್ಟುಡಿಯೋಗೆ ಬಂದಾಗ ಪಕ್ಕೆಲುಬಿನ ನೋವು ಇನ್ನೂ ಹೋಗಿರಲಿಲ್ಲ, ಮೇಲಿನ ಸ್ವರಗಳಿಗೆ ಉಸಿರು ಹಿಡಿಯಲು ಆಗುತ್ತಿರಲಿಲ್ಲ. ಓವೆನ್ ಬ್ರ್ಯಾಡ್ಲಿ ವಾದ್ಯಗಳನ್ನಷ್ಟೇ ಮುಗಿಸಿದರು. ಪ್ಯಾಟ್ಸಿ ಆಮೇಲೆ ಬಂದು ಒಂದೇ ಟೇಕಿನಲ್ಲಿ ಹಾಡಿದರು. ಎಲ್ಲರೂ ಕೂಡಿ ಒಟ್ಟಿಗೆ ಮುದ್ರಿಸುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಧ್ವನಿಯನ್ನು ಬೇರೆಯಾಗಿ ಸೇರಿಸಿದ ಹಾಡು ಇದು. ಹಾಗಾದರೆ ಒಟ್ಟಿಗೆ ನುಡಿಸುವುದು ಮುಖ್ಯ ಎನ್ನುವ ನಿಮ್ಮ ಮಾತು ಎಲ್ಲಿ ಹೋಯಿತು ಎಂದು ನೀವು ಕೇಳಬಹುದು. ನನ್ನ ಉತ್ತರ ಇದು: ಅವರಿಲ್ಲದಾಗಲೂ ವಾದ್ಯದವರು ಅವರಿಗೆ ಜಾಗ ಬಿಟ್ಟೇ ನುಡಿಸಿದ್ದಾರೆ. ಪಿಯಾನೋ ಯಾವ ಸಾಲಿನ ಮೇಲೂ ಕೂರುವುದಿಲ್ಲ, ಸಾಲು ಮುಗಿದ ಮೇಲೆ ಬರುತ್ತದೆ. ಜೋರ್ಡನೇರ್ಸ್ ತಂಡದ ಹಿಮ್ಮೇಳ ಸ್ವರ ಹಿಡಿದು ನಿಲ್ಲುತ್ತದೆ, ಮಾತು ಆಡುವುದಿಲ್ಲ. ಡ್ರಮ್ಸ್ ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ ಸಾಗುತ್ತದೆ. ಹಾಡುವವರು ಬಂದು ನಿಲ್ಲುವ ಜಾಗ ಖಾಲಿ ಉಳಿದಿತ್ತು. ಇವತ್ತು ನಾವು ಮಿಕ್ಸ್‌ನಲ್ಲಿ ಧ್ವನಿಗೆ ಜಾಗ ಮಾಡಲು ಹತ್ತು ಟ್ರ್ಯಾಕುಗಳನ್ನು (ಬೇರೆಬೇರೆಯಾಗಿ ಮುದ್ರಿಸಿದ ವಾದ್ಯಗಳನ್ನು) ಕೆತ್ತುತ್ತೇವೆ. ಆ ಕೆತ್ತನೆ ಬೇಕಾಗದ ಹಾಗೆ ನುಡಿಸುವವರು ಅಲ್ಲಿದ್ದರು.

ಅಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿ ಆರ್‌ಸಿಎ ಕಂಪನಿಯ ಸ್ಟುಡಿಯೋ ಬಿ. 1957ರಲ್ಲಿ ಕಟ್ಟಿದ್ದು, ಗಿಟಾರುವಾದಕ, ನಿರ್ಮಾಪಕ ಚೆಟ್ ಆಟ್‌ಕಿನ್ಸ್ ಅದರ ಯಜಮಾನ ಎನ್ನಬಹುದು. 1959ರಲ್ಲಿ ಬಿಲ್ ಪೋರ್ಟರ್ ಎಂಬ ಎಂಜಿನಿಯರ್ ಸೇರಿದರು. ಆ ಕೋಣೆಯಲ್ಲಿ ಕೆಲವು ಸ್ವರಗಳು ಉಬ್ಬಿ ಗುಂಯ್‌ಗುಡುತ್ತಿದ್ದವು, ಕೆಲವು ಕರಗಿಹೋಗುತ್ತಿದ್ದವು. ಚೌಕ ಕೋಣೆಗಳ ಹಣೆಬರಹವೇ ಅಷ್ಟು, ಸಮಾಂತರ ಗೋಡೆಗಳ ನಡುವೆ ಶಬ್ದ ಓಡಾಡಿ ತನ್ನನ್ನೇ ಕೂಡುತ್ತದೆ, ಕಳೆಯುತ್ತದೆ. ಪೋರ್ಟರ್ ಚಾವಣಿಗೆ ಹಾಕುವ ಫೈಬರ್‌ಗ್ಲಾಸ್ ಹಲಗೆಗಳನ್ನು ತ್ರಿಕೋನವಾಗಿ ಕತ್ತರಿಸಿ, ಪಿರಮಿಡ್ಡಿನಂತೆ ಜೋಡಿಸಿ ಬೇರೆಬೇರೆ ಎತ್ತರದಲ್ಲಿ ನೇತುಹಾಕಿದರು. ಆಮೇಲೆ ಕೋಣೆಯೊಳಗೆ ನಡೆದಾಡಿ, ಅನುರಣನ ಅತಿ ಕಡಿಮೆ ಇರುವ ತಾಣ ಹುಡುಕಿ, ನೆಲದ ಮೇಲೆ ಗುರುತು ಹಾಕಿದರು. ಮೈಕು ಅಲ್ಲಿಗೆ ಬಂತು. ಇದಕ್ಕೆ ತಗುಲಿದ್ದು ಕೆಲವು ಹಲಗೆ, ಒಂದಷ್ಟು ದಾರ, ಎರಡು ಕಿವಿ. ಇವತ್ತು ರಾತ್ರಿಯೇ ನಿಮ್ಮ ಕೋಣೆಯಲ್ಲಿ ಇದನ್ನು ಮಾಡಿ ನೋಡಬಹುದು. ಸ್ಪೀಕರಿನಲ್ಲಿ ಒಂದು ಕೆಳಸ್ವರವನ್ನು ನಿಲ್ಲಿಸದೆ ನುಡಿಸಿ, ಕೋಣೆ ತುಂಬ ನಿಧಾನ ನಡೆಯಿರಿ. ಎಲ್ಲಿ ಉಬ್ಬುತ್ತದೆ, ಎಲ್ಲಿ ಆರುತ್ತದೆ ಎಂಬುದು ಕಿವಿಗೆ ತಾನೇ ತಿಳಿಯುತ್ತದೆ. ಸ್ವರ ಬದಲಿಸಿ ಮತ್ತೆ ನಡೆಯಿರಿ. ಎಲ್ಲ ಸ್ವರಕ್ಕೂ ಒಂದೇ ಸಮ ಇರುವ ಜಾಗ ಸಿಕ್ಕಿದರೆ ಅದು ನಿಮ್ಮ ಗುರುತು.

ಆ ಕೋಣೆಯಲ್ಲೇ 1959ರ ಅಕ್ಟೋಬರ್‌ನಲ್ಲಿ ಜಿಮ್ ರೀವ್ಸ್ ‘ಹೀ ವಿಲ್ ಹ್ಯಾವ್ ಟು ಗೋ’ ಹಾಡಿದರು. ಇದನ್ನು ಸ್ವಲ್ಪ ಹೊತ್ತು ನೋಡೋಣ, ಏಕೆಂದರೆ ಮೈಕಿನ ಅಂತರ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ರೀವ್ಸ್ ಮೊದಮೊದಲು ಗಟ್ಟಿಯಾಗಿ, ಎತ್ತರದಲ್ಲಿ ಹಾಡುತ್ತಿದ್ದವರು. 1957ರ ‘ಫೋರ್ ವಾಲ್ಸ್’ ಹೊತ್ತಿಗೆ ಸ್ಥಾಯಿ ಇಳಿಸಿ, ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು ಮೆಲ್ಲಗೆ ಹಾಡತೊಡಗಿದರು. ಎರಡು ವರ್ಷದ ಮೇಲೆ ಬಂದ ಈ ಹಾಡು ಫೋನಿನಲ್ಲಿ ಪ್ರೇಯಸಿಯ ಜೊತೆ ಆಡುವ ಮಾತು. ಫೋನಿನಲ್ಲಿ ಪಿಸುಗುಟ್ಟುವವರು ಎಷ್ಟು ಹತ್ತಿರ ಇರುತ್ತಾರೋ ಮೈಕಿಗೂ ಅಷ್ಟೇ ಹತ್ತಿರ ಅವರ ಬಾಯಿ. ದಿಕ್ಕು ನೋಡಿ ಹಿಡಿಯುವ ಯಾವುದೇ ಮೈಕಿಗೆ ಹತ್ತಿರ ಹೋದಷ್ಟೂ ಮಂದ್ರ ಹೆಚ್ಚುತ್ತದೆ, ರಿಬ್ಬನ್ ಮೈಕಿನಲ್ಲಂತೂ ಇನ್ನೂ ಹೆಚ್ಚು. ನಾವು ‘ಬೆಚ್ಚಗಿನ ಧ್ವನಿ’ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ಮೆಲ್ಲಗೆ ಹಾಡಿದಾಗ ಗಂಟಲು ಬಿಗಿಯುವುದಿಲ್ಲ, ಎಳೆಎಳೆಯಾದ ವಿವರ ಕೇಳುತ್ತದೆ. ಆದರೆ ಮೆಲ್ಲಗೆ ಹಾಡುವವರ ಪಕ್ಕದಲ್ಲಿ ವಾದ್ಯದವರೂ ಮೆಲ್ಲಗೇ ನುಡಿಸಬೇಕು, ಇಲ್ಲದಿದ್ದರೆ ಅದೇ ಮೈಕಿಗೆ ಅವರೆಲ್ಲ ನುಗ್ಗುತ್ತಾರೆ. ಆ ಹಾಡಿನಲ್ಲಿ ಫಿಡಲಿಲ್ಲ, ಸ್ಟೀಲಿಲ್ಲ. ವೈಬ್ರಫೋನು, ಪಿಯಾನೋ, ಬಾಸ್, ಮೆತ್ತನೆ ಗಿಟಾರು, ಅನಿತಾ ಕೆರ್ ತಂಡದ ಹಿಮ್ಮೇಳ. ಹಾಡುವವರ ಒಂದು ತೀರ್ಮಾನ ಇಡೀ ವಾದ್ಯವೃಂದವನ್ನೇ ಬದಲಿಸಿತು.

ಜಿಮ್ ರೀವ್ಸ್ ಹೆಸರು ಬಂದಾಗ ಸಭೆಯ ಹಿಂದಿನ ಸಾಲಿನಲ್ಲಿ ಹಲವರು ತಲೆದೂಗಿದ್ದು ಕಂಡಿತು. ಆಶ್ಚರ್ಯವಿಲ್ಲ. ಅವರು 1964ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರೂ ನಮ್ಮ ದೇಶದಲ್ಲಿ ಅವರ ಹಾಡು ನಿಲ್ಲಲಿಲ್ಲ. ಬೆಂಗಳೂರು ದಂಡುಪ್ರದೇಶದ, ಕೋಲಾರ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಅವರ ರೆಕಾರ್ಡು ಮನೆಮಂದಿಯ ಹಾಗೆ ಇತ್ತು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದೇ ಕಾಲದ ನಮ್ಮ ಕನ್ನಡ ಚಿತ್ರಗೀತೆಗಳು ಮದ್ರಾಸಿನಲ್ಲಿ ಮುದ್ರಣವಾಗುತ್ತಿದ್ದವಲ್ಲ, ಅಲ್ಲೂ ಹಾಡುವವರು, ಪಿಟೀಲಿನವರು, ತಬಲದವರು ಒಂದೇ ಸಭಾಂಗಣದಲ್ಲಿ ಕೂಡಿ, ಬೆರಳೆಣಿಕೆಯ ಮೈಕುಗಳಲ್ಲಿ ಮುಗಿಸುತ್ತಿದ್ದರು. ಪಿ.ಬಿ. ಶ್ರೀನಿವಾಸ್ ಅವರ ಮೆಲುದನಿ ಅಷ್ಟು ವಾದ್ಯಗಳ ನಡುವೆ ಹೇಗೆ ಅಷ್ಟು ಸ್ಪಷ್ಟ ಕೇಳುತ್ತದೆ ಎಂದು ಒಮ್ಮೆ ಗಮನ ಇಟ್ಟು ಕೇಳಿ. ಹಾಡು ನಡೆಯುವಾಗ ಪಿಟೀಲುಗಳು ಎಲ್ಲಿ ಉಸಿರು ಹಿಡಿದುಕೊಳ್ಳುತ್ತವೆ, ಎಲ್ಲಿ ಬಿಡುತ್ತವೆ ಎಂದು ಗುರುತಿಸಿ. ಇದು ಬರೀ ನ್ಯಾಶ್‌ವಿಲ್‌ನ ವಿದ್ಯೆಯಾಗಿರಲಿಲ್ಲ.

ನುಡಿಸುವವರ ವಿಷಯಕ್ಕೆ ಬರುತ್ತೇನೆ. ನ್ಯಾಶ್‌ವಿಲ್‌ನಲ್ಲಿ ‘ಎ ಟೀಮ್’ ಎಂದು ಕರೆಯುತ್ತಿದ್ದ ಒಂದು ಗುಂಪು ಇತ್ತು. ಬಾಸ್‌ಗೆ ಬಾಬ್ ಮೂರ್, ಡ್ರಮ್ಸ್‌ಗೆ ಬಡ್ಡಿ ಹಾರ್ಮನ್, ಗಿಟಾರಿಗೆ ಗ್ರೇಡಿ ಮಾರ್ಟಿನ್, ಹ್ಯಾಂಕ್ ಗಾರ್ಲಂಡ್, ಹೆರಾಲ್ಡ್ ಬ್ರ್ಯಾಡ್ಲಿ, ರೇ ಎಡೆಂಟನ್, ಪಿಯಾನೋಗೆ ಫ್ಲಾಯ್ಡ್ ಕ್ರೇಮರ್, ಹಾರ್ಗಸ್ ರಾಬಿನ್ಸ್. ಸೆಷನ್ ಎಂದರೆ ಮೂರು ಗಂಟೆ, ಅಷ್ಟರಲ್ಲಿ ಮೂರೋ ನಾಲ್ಕೋ ಹಾಡು ಮುಗಿಯಬೇಕು. ಬರೆದಿಟ್ಟ ಸ್ವರಲಿಪಿ ಇಲ್ಲ. ಹಾಡನ್ನು ಒಮ್ಮೆ ಕೇಳುತ್ತಾರೆ, ಚೀಟಿಯಲ್ಲಿ ಅಂಕಿ ಬರೆದುಕೊಳ್ಳುತ್ತಾರೆ, ನುಡಿಸುತ್ತಾರೆ. ಈ ಅಂಕಿಯ ಪದ್ಧತಿಯನ್ನು 50ರ ದಶಕದ ಕೊನೆಯಲ್ಲಿ ಜೋರ್ಡನೇರ್ಸ್ ತಂಡದ ನೀಲ್ ಮ್ಯಾಥ್ಯೂಸ್ ರೂಪಿಸಿದರು, ಹಾರ್ಮೋನಿಕಾ ನುಡಿಸುವ ಚಾರ್ಲಿ ಮೆಕಾಯ್ ಅದನ್ನು ವಾದ್ಯದವರ ನಡುವೆ ಹರಡಿದರು. ಷಡ್ಜದ ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) 1, ಶುದ್ಧ ಮಧ್ಯಮದ್ದು 4, ಪಂಚಮದ್ದು 5. ಹಾಡುವವರಿಗೆ ಗಂಟಲು ಸರಿಯಿಲ್ಲ, ಶ್ರುತಿ ಒಂದು ಮನೆ ಇಳಿಸಿ ಎಂದರೆ ಚೀಟಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಸರಿಗಮ ಕಲಿತು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮುದ್ರಣದ ದೃಷ್ಟಿಯಿಂದ ಇದರ ಲಾಭ ದೊಡ್ಡದು: ಹಾಡುವವರಿಗೆ ಎಲ್ಲಿ ಹಾಯೋ ಆ ಶ್ರುತಿ ಸಿಗುತ್ತದೆ. ಗಂಟಲಿಗೆ ಹೊಂದದ ಶ್ರುತಿಯಲ್ಲಿ ಮುದ್ರಿಸಿದ ಹಾಡನ್ನು ಯಾವ ಮಿಕ್ಸಿಂಗೂ ಉಳಿಸಲಾರದು.

ಆ ವಾದ್ಯದವರ ನಡುವೆ ಇನ್ನೊಂದು ಅಲಿಖಿತ ನಿಯಮವಿತ್ತು. ಒಂದು ಚರಣದಲ್ಲಿ ಉತ್ತರ ಕೊಡುವವರು ಒಬ್ಬರೇ. ಮೊದಲ ಚರಣ ಸ್ಟೀಲಿನದ್ದಾದರೆ ಎರಡನೆಯದು ಪಿಯಾನೋದ್ದು. ಕತೆ ಹೇಳುವವರ ಎದುರು ಕೂತು ಹೂಂಗುಡುವವರಿರುತ್ತಾರಲ್ಲ, ಹಾಗೆ. ಹೂಂಗುಡುವವರು ಮೂವರಾದರೆ ಕತೆ ಕೆಡುತ್ತದೆ. ನನ್ನ ಬಳಿ ಮಿಕ್ಸಿಂಗ್‌ಗೆ ಬರುವ ಹಾಡುಗಳಲ್ಲಿ ಸ್ಟೀಲು, ಫಿಡಲು, ಟೆಲಿಕಾಸ್ಟರು ಎಂಬ ಎಲೆಕ್ಟ್ರಿಕ್ ಗಿಟಾರು ಮೂರೂ ಮೊದಲಿಂದ ಕೊನೆಯವರೆಗೆ ಬಿಡುವಿಲ್ಲದೆ ನುಡಿಯುತ್ತಿರುತ್ತವೆ. ಎಲ್ಲರೂ ಬೇರೆಬೇರೆ ದಿನ, ಬೇರೆಬೇರೆ ಊರಿನಲ್ಲಿ ಕೂತು ನುಡಿಸಿ ಕಳಿಸಿದ್ದಾರೆ, ಯಾರಿಗೂ ಇನ್ನೊಬ್ಬರು ಕೇಳಿಸಿಲ್ಲ. ಅಂಥದ್ದು ಬಂದರೆ ನಾನು ಮೊದಲು ಮಾಡುವ ಕೆಲಸ ಮ್ಯೂಟ್ ಒತ್ತುವುದು.

ಬಾಸಿನ ಬಗ್ಗೆ ಒಂದು ಗುಟ್ಟು. ಹಳೆಯ ನ್ಯಾಶ್‌ವಿಲ್ ಹಾಡುಗಳಲ್ಲಿ ಬಾಸ್ ಗುಂಡಗೆ, ಆಳವಾಗಿ ಇರುತ್ತದೆ, ಜೊತೆಗೆ ಪ್ರತಿ ಸ್ವರದ ತುದಿಯಲ್ಲಿ ಟಿಕ್ ಎಂಬ ಪುಟ್ಟ ಸದ್ದು. ಅದು ಎರಡು ವಾದ್ಯ. ಬಾಬ್ ಮೂರ್ ನಿಂತು ನುಡಿಸುವ ದೊಡ್ಡ ಮರದ ಬಾಸ್ ಮತ್ತು ಹೆರಾಲ್ಡ್ ಬ್ರ್ಯಾಡ್ಲಿ ಅದೇ ಸ್ವರಗಳನ್ನು ಪಿಕ್ಕಿನಿಂದ ನುಡಿಸುವ ಆರು ತಂತಿಯ ಡ್ಯಾನೆಲೆಕ್ಟ್ರೋ ಬಾಸ್ ಗಿಟಾರು. ತಂತಿಯನ್ನು ಅಂಗೈಯಿಂದ ಅದುಮಿಕೊಂಡೇ ಮೀಟುತ್ತಾರೆ. ‘ಟಿಕ್ ಟ್ಯಾಕ್ ಬಾಸ್’ ಎಂದು ಅದರ ಹೆಸರು. ಪುಟ್ಟ ರೇಡಿಯೋದಲ್ಲಿ ಮಂದ್ರವೇ ಬರದಿದ್ದರೂ ಆ ಟಿಕ್‌ನಿಂದ ಬಾಸಿನ ನಡೆ ಗೊತ್ತಾಗುತ್ತದೆ. ಇವತ್ತಿನ ಮೊಬೈಲ್ ಸ್ಪೀಕರಿಗೂ ಇದು ಅಷ್ಟೇ ಹೊಂದುತ್ತದೆ. ನಿಮಗೆ ಮರದ ಬಾಸ್ ಸಿಗದಿದ್ದರೆ ಸಾಮಾನ್ಯ ಬಾಸ್ ಗಿಟಾರಿಗೆ ಫ್ಲಾಟ್‌ವೌಂಡ್ (ಮೇಲ್ಮೈ ನಯವಾದ) ತಂತಿ ಹಾಕಿ, ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ಸ್ಪಂಜಿನ ತುಂಡು ಸಿಕ್ಕಿಸಿ, ಹೆಬ್ಬೆರಳಿನಿಂದ ನುಡಿಸಿ. ಅದರ ಮೇಲೆ ಎಲೆಕ್ಟ್ರಿಕ್ ಗಿಟಾರಿನ ಕೆಳತಂತಿಯಲ್ಲಿ ಅದುಮಿ ಮೀಟಿದ ಒಂದು ಟ್ರ್ಯಾಕ್ ಸೇರಿಸಿ, ಬಾಸಿಗಿಂತ ಬಹಳ ಕೆಳಗೆ ಇಡಿ. ಅದನ್ನು ತೆಗೆದಾಗ ಕೊರತೆ ಕಾಣಬೇಕು, ಹಾಕಿದಾಗ ಬೇರೆಯಾಗಿ ಕೇಳಬಾರದು.

ಇದೇ ವಾದ್ಯದಿಂದ ಹುಟ್ಟಿದ ಒಂದು ಆಕಸ್ಮಿಕದ ಕತೆಯನ್ನೂ ಹೇಳದೆ ಮುಂದೆ ಹೋಗಲಾರೆ. ಕ್ವಾನ್ಸೆಟ್ ಹಟ್‌ನಲ್ಲಿ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಮುದ್ರಣ ನಡೆಯುತ್ತಿತ್ತು. ಗ್ರೇಡಿ ಮಾರ್ಟಿನ್ ಬಾಸ್ ಗಿಟಾರನ್ನು ಸಿಕ್ಕಿಸಿದ್ದ ಕನ್ಸೋಲಿನ ಚಾನೆಲ್ಲು ಕೆಟ್ಟು, ಅದರ ನಾದ ಹರಿದುಹೋದ ಹಾಗೆ ಗೊರಗೊರ ಬಂತು. ತೆಗೆಯದೆ ಹಾಗೇ ಉಳಿಸಿದರು, 1961ರಲ್ಲಿ ಹಾಡು ದೊಡ್ಡ ಹಿಟ್ ಆಯಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಸದ್ದನ್ನು ಬೇಕೆಂದಾಗ ಪಡೆಯುವ ಸರ್ಕ್ಯೂಟ್ ಮಾಡಿದರು, ಗಿಬ್ಸನ್ ಕಂಪನಿ ಅದನ್ನು 1962ರಲ್ಲಿ ಮ್ಯಾಸ್ಟ್ರೋ ಫಝ್‌ಟೋನ್ ಎಂದು ಮಾರುಕಟ್ಟೆಗೆ ತಂದಿತು. ರಾಕ್ ಸಂಗೀತದ ಫಝ್ ಪೆಡಲು ಹುಟ್ಟಿದ್ದು ಒಂದು ಕಂಟ್ರಿ ಹಾಡಿನಲ್ಲಿ.

ಟೆನೆಸಿಯದೇ ಇನ್ನೊಂದು ಊರಾದ ಮೆಂಫಿಸ್‌ಗೆ ಬೇಗ ಹೋಗಿಬರೋಣ. 706, ಯೂನಿಯನ್ ಅವೆನ್ಯೂ, ಸ್ಯಾಮ್ ಫಿಲಿಪ್ಸ್ ಅವರ ಸನ್ ಸ್ಟುಡಿಯೋ. 1956ರಲ್ಲಿ ಜಾನಿ ಕ್ಯಾಶ್ ‘ಐ ವಾಕ್ ದಿ ಲೈನ್’ ಹಾಡಿದಾಗ ಡ್ರಮ್ಸ್ ಇರಲಿಲ್ಲ. ಗಿಟಾರಿನ ತಂತಿಗಳ ನಡುವೆ ಕಾಗದ ತೂರಿಸಿ ಮೀಟಿದರು, ಸ್ನೇರ್ ಡ್ರಮ್ಮನ್ನು ಬ್ರಷ್ಷಿನಿಂದ ಸವರಿದಂಥ ಸದ್ದು ಬಂತು. ಸನ್ ಹೆಸರಾದದ್ದು ಸ್ಲ್ಯಾಪ್‌ಬ್ಯಾಕ್ ಪ್ರತಿಧ್ವನಿಗೆ. ಅದರ ಲೆಕ್ಕ ಸರಳ. ಟೇಪ್ ಯಂತ್ರದಲ್ಲಿ ಬರೆಯುವ ಹೆಡ್ ಒಂದು, ಓದುವ ಹೆಡ್ ಇನ್ನೊಂದು, ನಡುವೆ ಸುಮಾರು 2 ಇಂಚು. ಟೇಪು ಸೆಕೆಂಡಿಗೆ 15 ಇಂಚು ಓಡಿದರೆ ಬರೆದದ್ದನ್ನು ಓದುವ ಹೊತ್ತಿಗೆ ಸುಮಾರು 130 ಮಿಲಿಸೆಕೆಂಡು ಕಳೆದಿರುತ್ತದೆ. ಹಾಗೆ ತಡವಾಗಿ ಬಂದದ್ದನ್ನು ಮೂಲದ ಜೊತೆ ಬೆರೆಸುತ್ತಾರೆ. ನಿಮ್ಮ ಕಂಪ್ಯೂಟರಿನಲ್ಲಿ 130ಕ್ಕೆ ಇಟ್ಟು, ಒಂದೇ ಸಲ ಮರುಕಳಿಸುವ ಹಾಗೆ ಮಾಡಿ, 4 ಕಿಲೋಹರ್ಟ್ಸ್‌ನಿಂದ ಮೇಲಿನದ್ದನ್ನು ಇಳಿಸಿಬಿಡಿ. ಹಾಡಿನ ತಾಳಕ್ಕೆ ಡಿಲೇಯನ್ನು ಹೊಂದಿಸಲು ಹೋಗಬೇಡಿ. ಯಂತ್ರಕ್ಕೆ ತಾಳ ಗೊತ್ತಿರಲಿಲ್ಲ, ಆ ಸಣ್ಣ ಹೊಂದಿಕೆಯಿಲ್ಲದ ನಡೆಯೇ ಕಿವಿಗೆ ಹಳೆಯದೆನಿಸುತ್ತದೆ.

ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್‌ನ ಗಾಯಕ ಬಕ್ ಓವೆನ್ಸ್ ಪೂರ್ತಿ ಬೇರೆ ದಾರಿ ಹಿಡಿದರು. ಹಿಮ್ಮೇಳ, ಪಿಟೀಲುಗಳ ಮೆತ್ತೆ ಇಲ್ಲ. ಹಾಲಿವುಡ್‌ನ ಕ್ಯಾಪಿಟಲ್ ಸ್ಟುಡಿಯೋದಲ್ಲಿ ಅವರ ತಂಡದ ಡಾನ್ ರಿಚ್ ಅವರ ಟೆಲಿಕಾಸ್ಟರು ಚುರುಕಾಗಿ, ತೀಕ್ಷ್ಣವಾಗಿ ಮುಂದೆ ನಿಲ್ಲುತ್ತದೆ. ಕಾರಿನ ಎಎಂ ರೇಡಿಯೋದಲ್ಲಿ ಹೇಗೆ ಕೇಳುತ್ತದೆ ಎಂಬುದೇ ಅವರ ಅಳತೆಗೋಲು. ಹಾಗಾಗಿ ನಿಮ್ಮ ಹಾಡು ಯಾವ ಮನೆತನದ್ದು ಎಂದು ಮೊದಲು ತೀರ್ಮಾನಿಸಿ. ಬಕ್ ಓವೆನ್ಸ್ ಮಾದರಿಯ ಹಾಡಿಗೆ ಜಿಮ್ ರೀವ್ಸ್ ಮಾದರಿಯ ಪ್ಲೇಟ್ ರಿವರ್ಬ್ (ಉಕ್ಕಿನ ಹಾಳೆಯಿಂದ ಪಡೆಯುವ ಅನುರಣನ) ಸುರಿದರೆ ಎರಡೂ ಹೋಗುತ್ತದೆ.

ಈಗ ನಮ್ಮೂರಿನ ಒಂದು ಹಾಲ್‌ಗೆ ಬನ್ನಿ. ಹದಿನೈದಡಿಗೆ ಇಪ್ಪತ್ತಡಿ, ರೆಡ್ ಆಕ್ಸೈಡ್ ನೆಲ, ಗಾರೆ ಗೋಡೆ. ಅರ್ಧ ನೆಲಕ್ಕೆ ಜಮಖಾನ ಹಾಸಿ, ಅರ್ಧ ಬಿಡಿ. ಒಂದು ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಒಳ್ಳೆಯದು. ಫ್ಯಾನು, ಫ್ರಿಜ್ಜು ನಿಲ್ಲಿಸಿ. ಹಾಡುವವರಿಗೆ ಇಂಗ್ಲಿಷಿನ 8ರ ಆಕಾರದಲ್ಲಿ ಹಿಡಿಯುವ ಮೈಕು ಕೊಡಿ, ಅದು ಮುಂದೆ ಮತ್ತು ಹಿಂದೆ ಕೇಳಿಸಿಕೊಳ್ಳುತ್ತದೆ, ಎಡಬಲಕ್ಕೆ ಕಿವುಡು. ಸ್ಟೀಲ್ ಗಿಟಾರಿನ ಆಂಪ್ಲಿಫೈಯರನ್ನು ಆ ಕಿವುಡು ಬದಿಯಲ್ಲಿ, ಐದಾರು ಅಡಿ ದೂರ ಇಡಿ. ಸ್ಟೀಲು ಆಗಲೂ ಸ್ವಲ್ಪ ಒಳಗೆ ಬರುತ್ತದೆ, ಬರಲಿ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರು ಸಾಗುತ್ತದೆ. ಐದೂವರೆ ಅಡಿ ದೂರದ ಸ್ಟೀಲು ಧ್ವನಿಯ ಮೈಕಿಗೆ 5 ಮಿಲಿಸೆಕೆಂಡು ತಡವಾಗಿ, ಗೋಡೆಗೆ ತಾಗಿದ ತುಣುಕುಗಳನ್ನು ಹೊತ್ತುಕೊಂಡು ಬರುತ್ತದೆ. ಅದರದ್ದೇ ಹತ್ತಿರದ ಮೈಕಿನ ಜೊತೆ ಈ ತಡವಾದದ್ದು ಕೂಡಿದಾಗ ಅದು ಒಂದು ಕೋಣೆಯಲ್ಲಿದೆ ಎಂದು ಕಿವಿ ನಂಬುತ್ತದೆ. ನಾವೆಲ್ಲ ಬ್ಲೀಡ್ ಎಂದು ಬೈಯುವುದು ಇದನ್ನೇ. ಬ್ಲೀಡ್ ಚೆನ್ನಾಗಿ ಕೇಳಬೇಕಾದರೆ ಎರಡು ಮೈಕುಗಳ ನಡುವಿನ ಅಂತರ, ಪ್ರತಿ ಮೈಕಿಗೂ ಅದರ ವಾದ್ಯಕ್ಕೂ ಇರುವ ಅಂತರದ ಮೂರರಷ್ಟಾದರೂ ಇರಲಿ. ಒಮ್ಮೆ ಮುದ್ರಿಸಿ, ಧ್ವನಿಯ ಮೈಕು ಒಂದನ್ನೇ ಕೇಳಿ. ಆ ಒಂದರಲ್ಲೇ ಹಾಡು ಅರ್ಧ ತಯಾರಾಗಿ ಕಂಡರೆ ಮುಂದುವರಿಯಿರಿ. ಸ್ಟೀಲು ಮಂಕಾಗಿ, ಡಬ್ಬದೊಳಗಿಂದ ಬಂದಂತೆ ಕೇಳಿದರೆ ಆಂಪ್ಲಿಫೈಯರನ್ನು ಒಂದಡಿ ಸರಿಸಿ ಮತ್ತೆ ಕೇಳಿ. ಈ ಸರಿಸಾಟಕ್ಕೆ ಒಂದು ಗಂಟೆ ಹೋದರೂ ಬೇಸರ ಬೇಡ.

ರಿಬ್ಬನ್ ಮೈಕಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಅದು ಮೇಲಿನ ಆವರ್ತನಗಳನ್ನು ಮೃದುವಾಗಿ ಹಿಡಿಯುತ್ತದೆ, ಫಿಡಲಿಗೆ, ಸ್ಟೀಲಿಗೆ ತುಂಬ ಚಂದ. ಆದರೆ ಪ್ಯಾಟ್ಸಿ ಕ್ಲೈನ್ ಹಾಡಿದ್ದು ನಾಯ್ಮನ್ ಯು47 ಎಂಬ ಕಂಡೆನ್ಸರ್ ಮೈಕಿನ ಮುಂದೆ. ಒಂದೇ ಮೈಕು ಎಂಬ ನಿಯಮ ಆ ಕಾಲದಲ್ಲೂ ಇರಲಿಲ್ಲ. ಹಾಡಿನ ದಿನಕ್ಕೆ ಬಾಡಿಗೆಗೆ ತನ್ನಿ, ಸಾಕು.

ಮಿಕ್ಸಿಂಗ್‌ನಲ್ಲಿ ನಾನು ಮೊದಲು ಮಾಡುವುದು ಎಲ್ಲವನ್ನೂ ಮಾನೋಗೆ, ಅಂದರೆ ಒಂದೇ ಚಾನೆಲ್ಲಿಗೆ, ತರುವುದು. ಧ್ವನಿ ಮತ್ತು ಬಾಸ್ ಎರಡನ್ನೇ ಇಟ್ಟು ಹಾಡು ನಿಲ್ಲುವಂತೆ ಮಾಡುತ್ತೇನೆ, ಆಮೇಲೆ ರಿದಮ್ ಗಿಟಾರು, ಕೊನೆಗೆ ಉಳಿದದ್ದು. ಕಂಟ್ರಿ ಹಾಡಿನಲ್ಲಿ ಮಾತು ಕೇಳದಿದ್ದರೆ ಹಾಡೇ ಇಲ್ಲ. ಆದ್ದರಿಂದ ಧ್ವನಿ ನಿಮಗೆ ಒಗ್ಗಿದ್ದಕ್ಕಿಂತ ಜೋರಾಗಿರಲಿ. ಆಪ್ಟಿಕಲ್ (ಬೆಳಕಿನಿಂದ ನಿಯಂತ್ರಿಸುವ) ಮಾದರಿಯ ನಿಧಾನದ ಕಂಪ್ರೆಸರಿನಲ್ಲಿ ಎರಡು ಮೂರು ಡೆಸಿಬಲ್ ತಗ್ಗಿಸಿ, ಮಿಕ್ಕಿದ್ದನ್ನು ಫೇಡರಿನ ಮೇಲೆ ಬೆರಳಿಟ್ಟು ಸಾಲುಸಾಲಾಗಿ ಸರಿಮಾಡಿ. ರಿವರ್ಬ್ ಒಂದೇ, ಎಲ್ಲರಿಗೂ ಅದೇ. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ತಂದ ಪ್ಲೇಟ್ ರಿವರ್ಬ್ ಎಂದರೆ ಚೌಕಟ್ಟಿನಲ್ಲಿ ಬಿಗಿದು ನೇತುಹಾಕಿದ ದೊಡ್ಡ ಉಕ್ಕಿನ ಹಾಳೆ. ಅಂಥದ್ದು ಸ್ಟುಡಿಯೋದಲ್ಲಿ ಒಂದೋ ಎರಡೋ ಇರುತ್ತಿತ್ತು, ಹಾಗಾಗಿ ಎಲ್ಲ ವಾದ್ಯವೂ ಅದೇ ಪ್ಲೇಟಿಗೆ ಹೋಗುತ್ತಿತ್ತು. ಅವೆಲ್ಲ ಒಂದೇ ಜಾಗದಲ್ಲಿವೆ ಎನಿಸುವುದಕ್ಕೆ ಅದೂ ಒಂದು ಕಾರಣ. ಧ್ವನಿಯನ್ನು ಪ್ಲೇಟಿಗೆ ಕಳಿಸುವ ಮುಂಚೆ ಆಗ ಹೇಳಿದ ಟೇಪ್ ಡಿಲೇ ಮೂಲಕ ಹಾಯಿಸಿದರೆ ಮಾತು ಮುಂದೆ ಸ್ಪಷ್ಟ ನಿಲ್ಲುತ್ತದೆ, ಅದರ ಬಾಲ ಹಿಂದೆ ಅರಳುತ್ತದೆ. ಇಡೀ ಹಾಡಿಗೆ ಮೇಲ್ತುದಿಯಲ್ಲಿ ಸುಮಾರು 10 ಕಿಲೋಹರ್ಟ್ಸ್‌ನಿಂದ ನಿಧಾನ ಇಳಿಜಾರು ಕೊಡಿ. ಟೇಪಿನ ಪ್ಲಗಿನ್ ಹಾಕುವುದಾದರೆ ಈಗ ಹಾಕಿ, ಸ್ನೇರ್ ಡ್ರಮ್ಮಿನ ಮೊದಲ ಏಟಿನ ಚೂಪು ಸ್ವಲ್ಪ ಮೊಂಡಾಗುವಷ್ಟು ಮಾತ್ರ. ಯಾವ ಕಂಪನಿಯದ್ದಾದರೂ ಆದೀತು. ಹಾಡಿನಲ್ಲಿ ಟೇಪಿನ ಸುಯ್‌ಗುಡುವ ಶಬ್ದ, ರೆಕಾರ್ಡಿನ ಚಟಪಟ ಸದ್ದು ಸೇರಿಸುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಆ ಎಂಜಿನಿಯರುಗಳು ಅದನ್ನು ಹೋಗಲಾಡಿಸಲು ಜೀವನವಿಡೀ ಹೆಣಗಿದವರು.

ಸ್ಟೀರಿಯೋ ಬೇಕೆನಿಸಿದರೆ ಮೂರು ಟ್ರ್ಯಾಕಿನ ಯಂತ್ರ ಬಂದಾಗ ಅವರು ಮಾಡಿದ್ದನ್ನೇ ಮಾಡಿ: ಧ್ವನಿ ನಡುವೆ, ವಾದ್ಯಗಳ ಒಂದು ಗುಂಪು ಎಡಕ್ಕೆ, ಇನ್ನೊಂದು ಬಲಕ್ಕೆ. ಬಾಸ್ ನಡುವಿನಿಂದ ಕದಲದಿರಲಿ. ಮಾಸ್ಟರಿಂಗ್‌ನಲ್ಲಿ, ಅಂದರೆ ಹಾಡಿಗೆ ಕೊನೆಯ ಹದ ಕೊಡುವಾಗ, ಜೋರು ಮಾಡುವ ಸ್ಪರ್ಧೆಗೆ ಇಳಿಯಬೇಡಿ. ಮಾಪಕದಲ್ಲಿ ಮೈನಸ್ 14 ಲಫ್ಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸುತ್ತಮುತ್ತ ಇಟ್ಟರೆ ಪಿಸುಮಾತಿಗೂ ಪಲ್ಲವಿಗೂ ನಡುವೆ ಇರುವ ಏರಿಳಿತ ಉಳಿಯುತ್ತದೆ. ಕೊನೆಗೆ ಫೋನಿನ ಸ್ಪೀಕರಿನಲ್ಲಿ, ಇನ್ನೊಂದು ಕೋಣೆಯಿಂದ, ಬಾಗಿಲು ಅರ್ಧ ಹಾಕಿಕೊಂಡು ಕೇಳಿ. ಎರಡನೇ ಚರಣದ ಮಾತುಗಳು ಅಲ್ಲಿಂದ ತಿಳಿಯದಿದ್ದರೆ ಧ್ವನಿಯನ್ನು ಅರ್ಧ ಡೆಸಿಬಲ್ ಏರಿಸಿ, ಆ ಚರಣದಲ್ಲಿ ಸ್ಟೀಲನ್ನು ಒಂದು ಡೆಸಿಬಲ್ ಇಳಿಸಿ ಫೈಲು ಮತ್ತೆ ತೆಗೆಯಿರಿ.